ಮಡಿಲು ತುಂಬಿದ್ದು ತಪ್ಪಲ್ಲ ಮೇಷ್ಟ್ರೇ

ಅರಸೀಕೆರೆ ತಾಲೂಕಿನ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ಊರಿನ ಗ್ರಾಮ ಪಂಚಾಯಿತಿ ಸದಸ್ಯೆ ದಸರಾ ರಜೆಯಲ್ಲಿ ಮಕ್ಕಳನ್ನು ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿಯ ಗ್ರಂಥಾಲಯದಲ್ಲಿ, ಸೇರಿಸಿ ಓದಿಸಿ, ಆಡಿಸಿ, ಮಧ್ಯಾಹ್ನ ಊಟ ಹಾಕಿಸಿದ್ದರು. ರಾಜ್ಯೋತ್ಸವದ ದಿನ ಊರವರು ಆಕೆಗೆ ಸನ್ಮಾನ ಮಾಡಿದರು. ಆ ಫೋಟೋ ನಮ್ಮ ಕಳೆದ ಸಂಚಿಕೆಯಲ್ಲಿ ಬಂದಿತ್ತು. ಮೇಷ್ಟ್ರಿಗೆ ಅದು ಹಿಡಿಸಿಲ್ಲ. ‘ಸಂಬಳ ತಗೊಂಡು ಮಾಡಬೇಕಾದ ಕೆಲಸಕ್ಕೆ ಶಾಲು ಯಾಕೆ? ಇದೆಲ್ಲಾ ಮುಂದಿನ ಎಲೆಕ್ಷನ್ ತಯಾರಿ ಅಲ್ವಾ? ನಾನೂ ರಜೆಯಲ್ಲಿ ಏಳನೇ ಕ್ಲಾಸಿನ ಹುಡುಗರನ್ನು ಮನೆ ಜಗಲಿ ಮೇಲೆ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟವನು. ನನಗೆ ಯಾರೂ ಒಂದು ಹಾರ ಹಾಕಲಿಲ್ಲ’ ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕೋಪದಲ್ಲಿ ಅರ್ಧ ಪಾಲು ನನ್ನದೂ ಹೌದು. ಹಬ್ಬ ಬಂದರೆ ಸಾಕು, ಹಾಸನದ ಬಿ.ಎಂ. ರಸ್ತೆ ಉದ್ದಕ್ಕೂ ಕಂಬಕ್ಕೊಂದು ಫ್ಲೆಕ್ಸ್ ನೇತಾಡುತ್ತದೆ. ಕೈ ಮುಗಿದು ನಿಂತ ದೊಡ್ಡ ಮುಖ ಒಂದು, ಕೆಳಗೆ ಸಾಲಾಗಿ ಸಣ್ಣ ಮುಖಗಳು. 2016ರಲ್ಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಆಯಿತು, ಹಾಕೋದು ಮಾತ್ರ ನಿಂತಿಲ್ಲ. ಹಾಸನಾಂಬೆ ಬಾಗಿಲು ತೆರೆಯುವ ದಿನಗಳಲ್ಲಂತೂ ಕೇಳೋದೇ ಬೇಡ. ಬಿಸಿಲಲ್ಲಿ ಗಂಟೆಗಟ್ಟಲೆ ಸಾಲು ನಿಂತವರಿಗೆ ಮಜ್ಜಿಗೆ ಕೊಡೋದು ಒಳ್ಳೆಯ ಕೆಲಸ. ಆದರೆ ಫೋಟೋ ತೆಗೆಯುವವನು ಬರೋವರೆಗೂ ಲೋಟ ಕೊಡದೆ ಕಾಯಿಸೋದನ್ನು ಕಂಡಾಗ ನನಗೂ ಮೈ ಉರಿಯುತ್ತದೆ. ಹಾರ, ತುರಾಯಿ, ಶಾಲು ಸರ್ಕಾರಿ ಕಾರ್ಯಕ್ರಮಗಳಲ್ಲಿ ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟ್‌ನಲ್ಲಿ ಸರ್ಕಾರವೇ ಹೇಳಿತು. 2023ರಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿ ಆದಾಗ ಅವರೂ ಅದನ್ನೇ ಹೇಳಿದರು. ನನ್ನ ಮತವೂ ಪುಸ್ತಕಕ್ಕೇ.

ಆದರೆ ನಿಮ್ಮೂರಿನಲ್ಲಿ ನಡೆದದ್ದು ಆ ಜಾತಿಯದಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

ರಜೆ ಅಂದರೆ ಹಳ್ಳಿಯಲ್ಲಿ ಏನೇನು ನಿಲ್ಲುತ್ತದೆ ನೋಡಿ. 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ನಿಲ್ಲುತ್ತದೆ. 2013ರಿಂದ ಕೊಡುತ್ತಿರುವ ಕ್ಷೀರಭಾಗ್ಯದ ಹಾಲು ನಿಲ್ಲುತ್ತದೆ. ಮೊಟ್ಟೆಯೂ ಇಲ್ಲ. ಅಪ್ಪ ಅಮ್ಮನಿಗೆ ಮಾತ್ರ ರಜೆ ಇರಲ್ಲ. ಬೆಳಗ್ಗೆ ಮುದ್ದೆ ತಿರುವಿಟ್ಟು, ಮಕ್ಕಳಿಗೆ ‘ಮನೆ ಹತ್ರಾನೇ ಇರ್ರಪ್ಪಾ’ ಅಂತ ಹೇಳಿ ಕೂಲಿಗೋ ತೋಟಕ್ಕೋ ಹೋದರೆ, ವಾಪಸ್ ಬರೋದು ಸಂಜೆಗೆ. ರಜೆಯಲ್ಲೂ ಮಕ್ಕಳ ಹೊಟ್ಟೆ ನೋಡಬೇಕು ಅನ್ನೋದು ಸರ್ಕಾರಕ್ಕೂ ಗೊತ್ತಿದೆ. 2023ರಲ್ಲಿ 223 ತಾಲೂಕುಗಳನ್ನು ಬರಪೀಡಿತ ಎಂದು ಸಾರಿದ ಮೇಲೆ, 2024ರ ಬೇಸಿಗೆ ರಜೆಯಲ್ಲಿ, ಬರದ ತಾಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಮುಂದುವರಿಸಿದ್ದರು. ಬರ ಇಲ್ಲದ ವರ್ಷ ಆ ವ್ಯವಸ್ಥೆ ಇರಲ್ಲ.

ಊಟಕ್ಕಿಂತ ದೊಡ್ಡ ಭಯ ನೀರಿನದು. 2024ರ ಮೇ ತಿಂಗಳಲ್ಲಿ, ಬೇಸಿಗೆ ರಜೆಯಲ್ಲೇ, ನಮ್ಮದೇ ಜಿಲ್ಲೆಯ ಆಲೂರು ತಾಲೂಕಿನ ಕೆರೆಯೊಂದಕ್ಕೆ ಈಜಲು ಹೋದ ನಾಲ್ಕು ಮಂದಿ ಹುಡುಗರು ಮುಳುಗಿ ಸತ್ತರು. ಯಾರಿಗೂ ಹದಿನೈದು ತುಂಬಿರಲಿಲ್ಲ. ಅದಾದ ಮೇಲೆ ಪ್ರತಿ ರಜೆಗೂ ಕೆರೆ, ಕಟ್ಟೆ, ಕೃಷಿ ಹೊಂಡ ಅನ್ನೋ ಮಾತು ಕೇಳಿದರೆ ನನಗೆ ಎದೆ ಝಲ್ ಅನ್ನುತ್ತದೆ.

ನಿಮ್ಮೂರಿನ ಆ ಹೆಣ್ಣುಮಗಳು ಹಿಡಿದಿದ್ದು ಇದೇ ಎರಡು ಕೆಲಸವನ್ನು. ನಮ್ಮ ವರದಿಗಾರ ಕಂಡದ್ದನ್ನು ಹೇಳುತ್ತೇನೆ, ಫೋಟೋದಲ್ಲಿ ಅದಿಲ್ಲ. ಅಡುಗೆಗೆ ಪಂಚಾಯಿತಿಯ ಒಂದು ಪೈಸೆ ಮುಟ್ಟಿಲ್ಲ. ದಿನಕ್ಕೆ ಮೂರು ಮನೆ ಅಂತ ಸರದಿ. ಒಬ್ಬರು ಅಕ್ಕಿ, ಒಬ್ಬರು ಬೇಳೆ, ಒಬ್ಬರು ತೆಂಗಿನಕಾಯಿ, ತರಕಾರಿ. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಆ ಸರದಿ ಬರೆದಿಟ್ಟಿದ್ದರು. ಸ್ವಸಹಾಯ ಸಂಘದ ಇಬ್ಬರು ಒಲೆ ನೋಡಿಕೊಂಡರು. ಪಂಚಾಯಿತಿ ನೀರುಗಂಟಿ ಬೆಳಗಿನ ನೀರು ಬಿಟ್ಟಾದ ಮೇಲೆ ಕೆರೆ ಏರಿ ಮೇಲೆ ಒಂದು ಸುತ್ತು, ಮಧ್ಯಾಹ್ನ ಇನ್ನೊಂದು ಸುತ್ತು ಹಾಕುತ್ತಿದ್ದರು. ಇದಕ್ಕೆ ಅವರನ್ನು ಒಪ್ಪಿಸಿದ್ದು ಸದಸ್ಯೆಯೇ. ಬೆಳಗ್ಗೆ ಹಾಜರಿ ಕೂಗುವಾಗ ಒಂದು ಮಗು ಬಂದಿಲ್ಲ ಅಂದರೆ ಇನ್ನೊಬ್ಬ ಹುಡುಗನನ್ನು ಅವರ ಮನೆಗೆ ಓಡಿಸಿ ನೋಡಿಕೊಂಡು ಬರಹೇಳುತ್ತಿದ್ದರು. ಹಾಜರಿ ಪುಸ್ತಕ ಅಂದರೆ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳು ಅಷ್ಟೇ. ಬರದ ಮಗುವಿನ ಹೆಸರಿನ ಮುಂದೆ ‘ಅಜ್ಜಿ ಮನೆಗೆ’, ‘ಜ್ವರ’, ‘ದನ ಕಾಯಲು’ ಅಂತ ಕಾರಣ ಬರೆದಿತ್ತು. ಪಾಠ ಹೇಳಿಕೊಡುವವರು ಸಿಕ್ಕದ ದಿನ ಮಕ್ಕಳು ತಾವೇ ಒಬ್ಬರಿಗೊಬ್ಬರು ಕತೆ ಓದಿ ಹೇಳಿದರು. ಆ ಪುಸ್ತಕಗಳು ಅಲ್ಲಿ ಸುಮಾರು ವರ್ಷದಿಂದ ಬೀರುವಿನಲ್ಲೇ ಇದ್ದವು.

ಸಂಬಳದ ಮಾತು ಬರೆದಿದ್ದೀರಿ. ಗ್ರಾಮ ಪಂಚಾಯಿತಿ ಸದಸ್ಯರಿಗೆ ಸಿಗೋದು ಗೌರವಧನ. ಅದು ಒಬ್ಬ ಕೂಲಿಯಾಳಿನ ಒಂದು ವಾರದ ದುಡಿಮೆಗೂ ಸಾಲದಷ್ಟು. ಸಭೆಗೆ ಬರೋದು, ಬೀದಿ ದೀಪ, ಚರಂಡಿ, ಕುಡಿಯುವ ನೀರು, ಮನೆ ಹಂಚಿಕೆ, ಇದಕ್ಕೆಲ್ಲಾ ಅವರು ಉತ್ತರ ಕೊಡಬೇಕು. ಅದನ್ನು ಮಾಡಿದ್ದಕ್ಕೆ ಶಾಲು ಹೊದಿಸಿದ್ದರೆ ನಾನೂ ನಿಮ್ಮ ಜೊತೆ ನಿಂತು ಕೇಳುತ್ತಿದ್ದೆ. ಹಬ್ಬದ ರಜೆಯಲ್ಲಿ ಊರಿನ ಮಕ್ಕಳಿಗೆ ಹಾಜರಿ ಕೂಗು ಎಂದು ಯಾವ ಕಾನೂನೂ ಆಕೆಗೆ ಹೇಳಿಲ್ಲ.

ಎಲೆಕ್ಷನ್ ತಯಾರಿ ಇರಬಹುದು ಅಂತೀರಿ. ಇರಲಿ ಬಿಡಿ. ಮಕ್ಕಳನ್ನು ಕೆರೆಯಿಂದ ದೂರ ಇಟ್ಟು ಯಾರಾದರೂ ಓಟು ಕೇಳಿದರೆ ನಾನು ಸಂತೋಷವಾಗಿ ಕೊಡುತ್ತೇನೆ. ಓಟು ಕೇಳೋಕೆ ಹೆಂಡ ಹಂಚೋದಕ್ಕಿಂತ ಇದು ಎಷ್ಟೋ ಮೇಲು. ಇನ್ನೊಂದು ವಿಷಯ ನಿಮಗೇ ಗೊತ್ತು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯಲ್ಲ. ಮೀಸಲಾತಿ ಬದಲಾದರೆ ಅದೇ ಕ್ಷೇತ್ರದಲ್ಲಿ ಮತ್ತೆ ನಿಲ್ಲುವ ಅವಕಾಶವೇ ಆಕೆಗೆ ಸಿಗದೆ ಹೋಗಬಹುದು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗಿದೆ. ಎಷ್ಟೋ ಕಡೆ ಸಭೆಗೆ ಬರೋದು, ಮಾತಾಡೋದು ಅವರ ಗಂಡಂದಿರು. ನಿಮ್ಮೂರಿನಲ್ಲಿ ಸದಸ್ಯೆ ತಾನೇ ಮುಂದೆ ನಿಂತಿದ್ದಾರೆ. ಈ ಒಂದು ಕಾರಣಕ್ಕೇ ಆ ಫೋಟೋ ಹಾಕಬೇಕು ಅಂತ ನಾನು ಹಟ ಹಿಡಿದೆ.

ಸನ್ಮಾನ ಯಾರು ಮಾಡಿದರು ಅನ್ನೋದೂ ಮುಖ್ಯ. ಶಾಲು, ಪೇಟ ಯುವಕ ಸಂಘದವರದ್ದು. ಅದು ಬೇಗ ಮುಗಿಯಿತಂತೆ. ಆಮೇಲೆ ಮಕ್ಕಳ ತಾಯಂದಿರು ಎದ್ದು ಬಂದು ಆಕೆಯ ಮಡಿಲು ತುಂಬಿದರು. ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ, ಎಲೆ ಅಡಿಕೆ. ತವರಿಂದ ಹೊರಟ ಮಗಳಿಗೆ ಮಾಡುವ ಹಾಗೆ. ಅವರ ಪೈಕಿ ಎಷ್ಟೋ ಜನ ಕೂಲಿ ಬಿಟ್ಟು ಬಂದಿದ್ದರು. ಮೇಷ್ಟ್ರೇ, ಇದನ್ನು ಯಾರೂ ದುಡ್ಡು ಕೊಟ್ಟು ಮಾಡಿಸೋಕೆ ಆಗಲ್ಲ.

ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ನಿಮಗೆ ನೆನಪಿದ್ದೇ ಇರುತ್ತಾರೆ. ಹಳ್ಳಿ ಹಳ್ಳಿಗೂ ಬೋರ್‌ವೆಲ್ ಕೊರೆಸಿದರು. 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ ಚುನಾವಣೆ ನಡೆದದ್ದರ ಹಿಂದೆ ಅವರ ದುಡಿಮೆ ಇತ್ತು. ಮರುವರ್ಷವೇ ತೀರಿಕೊಂಡರು. ಜನ ಅವರನ್ನು ‘ನೀರ್ ಸಾಬ್’ ಅಂದರು. ಯಾವ ಸಮಿತಿಯೂ ಕೂತು ಕೊಟ್ಟ ಬಿರುದಲ್ಲ ಅದು. ಕೊಡ ಹೊತ್ತು ಮೈಲಿಗಟ್ಟಲೆ ನಡೆದಿದ್ದ ಹೆಂಗಸರ ಬಾಯಲ್ಲಿ ಹುಟ್ಟಿದ್ದು. ನೀರು ಕೊಡೋದು ಮಂತ್ರಿಯ ಕರ್ತವ್ಯವೇ ಆಗಿತ್ತು. ಹಾಗಂತ ಜನ ಸುಮ್ನೆ ಇರಲಿಲ್ಲ.

ಇನ್ನು ನಿಮ್ಮ ಜಗಲಿಯ ವಿಷಯ. ಪತ್ರದಲ್ಲಿ ನನ್ನನ್ನು ತಟ್ಟಿದ್ದು ಅದೇ ಸಾಲು. ರಜೆಯಲ್ಲಿ, ಒಂದು ರೂಪಾಯಿ ಫೀಸಿಲ್ಲದೆ, ಏಳನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿರಿ. ಆ ಹುಡುಗರಲ್ಲಿ ಕೆಲವರಾದರೂ ಇವತ್ತು ಆ ಊರಿನಲ್ಲೇ ಅಪ್ಪಂದಿರಾಗಿರುತ್ತಾರೆ. ನಿಮಗೆ ಒಂದು ಮಾತು ಹೇಳದೆ ಹೋದದ್ದು ಊರಿನ ಬಾಕಿ. ಅದು ದೊಡ್ಡ ಬಾಕಿಯೇ. ಆದರೆ ಅದನ್ನು ಈ ಹೆಣ್ಣುಮಗಳ ಲೆಕ್ಕದಲ್ಲಿ ಕಳೆಯಬೇಡಿ. ನಿಮಗೆ ಸಿಗದ್ದು ಆಕೆಗೂ ಸಿಗಬಾರದು ಅಂತ ನೀವು ಮನಸ್ಸಿನಲ್ಲಿ ಅಂದುಕೊಂಡಿಲ್ಲ, ಪತ್ರದ ಕೊನೆ ಪುಟ ಓದಿದರೆ ಗೊತ್ತಾಗುತ್ತದೆ. ಅಲ್ಲಿ ಆ ಮಕ್ಕಳು ಪುಸ್ತಕ ಹಿಡಿದು ನಿಮ್ಮ ಮನೆ ಮುಂದೆ ಹೋಗುತ್ತಿದ್ದದ್ದನ್ನು ಎಷ್ಟು ಪ್ರೀತಿಯಿಂದ ಬರೆದಿದ್ದೀರಿ.

ನನಗಿರುವ ಚಿಂತೆಯೇ ಬೇರೆ. ಈ ಕೆಲಸ ಒಬ್ಬ ಸದಸ್ಯೆಯ ಕಾಲಿನ ಬಲದ ಮೇಲೆ ನಿಂತಿದೆ. ಆಕೆಗೆ ಹುಷಾರು ತಪ್ಪಿದರೆ, ಅವಧಿ ಮುಗಿದರೆ, ಮಕ್ಕಳು ಮತ್ತೆ ಕೆರೆ ಏರಿ ಮೇಲೆ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು, ಮಕ್ಕಳ ಗ್ರಾಮಸಭೆಯೂ ವರ್ಷಕ್ಕೊಮ್ಮೆ ನಡೆಯಬೇಕು. ರಜೆಯ ಊಟ, ಅರಿವು ಕೇಂದ್ರ ತೆರೆದಿಡುವ ಹೊತ್ತು, ಕೆರೆ ಕಾವಲು, ಈ ಮೂರನ್ನೂ ಅಲ್ಲಿ ಎತ್ತಿ ನಡಾವಳಿಯಲ್ಲಿ ಬರೆಸಬೇಕು. ಬರೆಸದೆ ಹೋದರೆ ಅದು ಆಕೆಯ ಔದಾರ್ಯವಾಗೇ ಉಳಿಯುತ್ತದೆ, ಪಂಚಾಯಿತಿಯ ಕೆಲಸ ಆಗಲ್ಲ. ಎದ್ದು ನಿಂತು ಹೀಗೆ ಕೇಳೋಕೆ ಊರಿನಲ್ಲಿ ಮಾತು ನಡೆಯುವ ಹಿರಿಯರು ಬೇಕು. ನೀವು ಹೋಗಬೇಕು ಅಂತ ನನ್ನ ಕೋರಿಕೆ.

ಬೇಸಿಗೆ ರಜೆಗೂ ಶಿಬಿರ ಮಾಡುವ ಮನಸ್ಸು ಆಕೆಗಿದೆ ಎಂದು ನಮ್ಮ ವರದಿಗಾರ ಹೇಳಿದರು. ಲೆಕ್ಕ ಹೇಳಿಕೊಡುವವರು ಯಾರೂ ಸಿಕ್ಕಿಲ್ಲವಂತೆ. ಪತ್ರಿಕೆಗೆ ವಿಮರ್ಶೆಗೆ ಬಂದ ಮಕ್ಕಳ ಪುಸ್ತಕಗಳಲ್ಲಿ ಒಂದು ಕಟ್ಟನ್ನು ನಿಮ್ಮ ವಿಳಾಸಕ್ಕೇ ಕಳಿಸುತ್ತಿದ್ದೇವೆ. ದಯವಿಟ್ಟು ಅರಿವು ಕೇಂದ್ರಕ್ಕೆ ನೀವೇ ತಲುಪಿಸಿ, ಆಕೆಯ ಹತ್ತಿರ ಮಾತಾಡಿ.

– ಸಂಪಾದಕ