ಎರಡು ಕಿಲೋಮೀಟರಿಗೆ ಯಾವ ಗಾಡಿ?

ಪ್ರಶ್ನೆ: ಮನೆಯಿಂದ ಆಫೀಸಿಗೆ ಎರಡೇ ಕಿಲೋಮೀಟರ್. ಕಾರಿದೆ, ಬಸ್ಸಿದೆ, ಮೆಟ್ರೊನೂ ಇದೆ. ಯಾವುದರಲ್ಲಿ ಹೋದರೂ ಅರ್ಧ ಗಂಟೆ ಹಿಡಿಯುತ್ತದೆ. ಬೇಗ ತಲುಪೋದು ಹೇಗೆ?

ಉತ್ತರ: ನಡೆದುಬಿಡಿ! ತಮಾಷೆಯಲ್ಲ. ಗಂಟೆಗೆ 5 ಕಿ.ಮೀ. ನಡಿಗೆ ಅಂದರೂ 24 ನಿಮಿಷ ಸಾಕು. ಸೈಕಲ್ ಇದ್ದರೆ ಇನ್ನೂ ವಾಸಿ. ಗಂಟೆಗೆ 15 ಕಿ.ಮೀ.ನಂತೆ ಆರಾಮಾಗಿ ತುಳಿದರೂ 8 ನಿಮಿಷ, ಸಿಗ್ನಲ್ಲು, ಬೀಗ ಹಾಕೋದು ಎಲ್ಲ ಸೇರಿ 12 ಅಂತಿಟ್ಟುಕೊಳ್ಳಿ.

ನಾವು ಗಾಡಿ ಓಡುವ ಹೊತ್ತನ್ನು ಮಾತ್ರ ಎಣಿಸುತ್ತೇವೆ, ಅಲ್ವಾ? ಮೆಟ್ರೊದಲ್ಲಿ ಕೂರೋದು ಮೂರ್ನಾಲ್ಕು ನಿಮಿಷ. ಆದರೆ ಸ್ಟೇಷನ್ನಿಗೆ ನಡೆಯಬೇಕು, ಮೆಟ್ಟಿಲು ಹತ್ತಿಳಿಯಬೇಕು, ರೈಲಿಗೆ ಕಾಯಬೇಕು, ಆ ಕಡೆ ಇಳಿದ ಮೇಲೆ ಮತ್ತೆ ಇದೇ ಕಥೆ. ಹತ್ತು ಕಿಲೋಮೀಟರ್ ಹೋಗುವವರಿಗೆ ಇದು ಲೆಕ್ಕಕ್ಕಿಲ್ಲ, ನಿಮಗೆ ಇದೇ ಮುಕ್ಕಾಲು ಪಾಲು.

ಬಸ್ಸು 10 ನಿಮಿಷಕ್ಕೊಂದು ತಪ್ಪದೆ ಬಂದರೆ ಸರಾಸರಿ ಕಾಯೋದು 5 ನಿಮಿಷ. ಆದರೆ ಒಂದು ಬಸ್ಸು ತುಸು ತಡವಾದರೆ ಸ್ಟಾಪಿನಲ್ಲಿ ಜನ ಜಾಸ್ತಿಯಾಗುತ್ತಾರೆ, ಹತ್ತಿಸಿಕೊಳ್ಳುವಷ್ಟರಲ್ಲಿ ಅದು ಇನ್ನೂ ತಡ, ಅಷ್ಟರಲ್ಲಿ ಹಿಂದಿನದು ಖಾಲಿಯಾಗಿ ಬಂದು ಅದನ್ನು ಹಿಡಿದುಬಿಡುತ್ತದೆ. ಹೀಗೆ 20 ನಿಮಿಷಕ್ಕೊಮ್ಮೆ ಎರಡೆರಡು ಒಟ್ಟಿಗೆ ಬಂದರೆ, ಬಸ್ಸುಗಳ ಸಂಖ್ಯೆ ಅಷ್ಟೇ ಇದ್ದರೂ, ಕಾಯೋದು ಸರಾಸರಿ 10 ನಿಮಿಷವಾಗುತ್ತದೆ. ಸ್ಟಾಪು ಬಾಗಿಲಲ್ಲೇ ಇದ್ದು, ಬಸ್ಸು ಕಣ್ಣಿಗೆ ಕಾಣುತ್ತಿದ್ದರೆ ಹತ್ತಿ. ಇಲ್ಲದಿದ್ದರೆ ಬೇಡ.

ಕಾರು ಮಾತ್ರ ಇಷ್ಟು ದೂರಕ್ಕೆ ಸುಮ್ನೆ ದಂಡ. ನಿಲ್ಲಿಸೋಕೆ ಜಾಗ ಹುಡುಕುವ ಕಾಟ ಒಂದು ಕಡೆ. ಇನ್ನೊಂದು, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನೀವು ಇಳಿದಿರುತ್ತೀರಿ. ತಣ್ಣಗಿರುವ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ 250–300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ತನಕ ಸರಿಯಾಗಿ ಕೆಲಸ ಮಾಡುವುದಿಲ್ಲ. ದಿನಾ ಇಷ್ಟೇ ಓಡಿಸಿದರೆ ಆಯಿಲಿಗೆ ಸೇರಿದ ನೀರಿನ ಪಸೆ ಆರುವುದೇ ಇಲ್ಲ, ಆಯಿಲ್ ಬೇಗ ಕೆಡುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗಬೇಕು, ಭಾರದ ಸಾಮಾನಿದೆ ಅಂದರೆ ಅದು ಬೇರೆ ಮಾತು.

ಪ್ರಶ್ನೆ: ನಿಂತು ಓಡಿಸುವ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳಬಹುದಾ? ಸೈಕಲ್ ತುಳಿದರೆ ಬೆವರುತ್ತೇನೆ.

ಉತ್ತರ: ರಸ್ತೆ ನುಣುಪಾಗಿದ್ದರೆ ತಗೊಳ್ಳಿ. ಅದರ ಚಕ್ರ ತೀರಾ ಚಿಕ್ಕದು, ಹೆಚ್ಚಾಗಿ 8ರಿಂದ 10 ಇಂಚು. ಸೈಕಲ್ ಹಾರಿಸಿಕೊಂಡು ಹೋಗುವ ಗುಂಡಿಯಲ್ಲಿ ಇದು ಸಿಕ್ಕಿಕೊಂಡು ನಿಮ್ಮನ್ನು ಮುಂದಕ್ಕೆ ಎಸೆಯುತ್ತದೆ. ಬೆವರೇ ತೊಂದರೆ ಅಂದರೆ ಮೋಟಾರ್ ಇರುವ ಸೈಕಲ್ ನೋಡಿ. ಚೀಲವನ್ನೂ ಹಿಂದಿನ ಕ್ಯಾರಿಯರ್‌ಗೆ ಕಟ್ಟಬಹುದು. ಸ್ಕೂಟರಿನ ಹ್ಯಾಂಡಲಿಗೆ ನೇತುಹಾಕಿದರೆ ತಿರುಗಿಸುವಾಗಲೆಲ್ಲ ಒಂದು ಕಡೆಗೆ ಎಳೆಯುತ್ತದೆ.