ತೊಟ್ಟಿಲು ಬಿಡಿಸುವುದು ಯಾವಾಗ?

ಓದುಗರ ಪ್ರಶ್ನೆ, ಮಕ್ಕಳ ವೈದ್ಯರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ತೊಟ್ಟಿಲಿನದ್ದೇ ಜಾಸ್ತಿ. ಹಿಂದೆಯೂ ಇದಕ್ಕೆ ಉತ್ತರ ಬರೆದಿದ್ದೇನೆ. ಆದರೂ ಅದೇ ಪ್ರಶ್ನೆ ಮತ್ತೆ ಬರುತ್ತದೆ, ತೊಟ್ಟಿಲಿನಿಂದ ಬಿದ್ದ ಮಕ್ಕಳನ್ನು ಎತ್ತಿಕೊಂಡು ಓಡಿ ಬರುವವರೂ ಕಡಿಮೆಯಾಗಿಲ್ಲ. ಹಾಗಾಗಿ ಒಂದು ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

*ಮಗಳಿಗೆ ಐದೂವರೆ ತಿಂಗಳು. ಗಂಡನ ಮನೆಯ ಹಳೇ ಮರದ ತೊಟ್ಟಿಲಲ್ಲಿ ಮಲಗಿಸುತ್ತೇವೆ. ತೊಲೆಗೆ ನೇತು ಹಾಕಿದ್ದು. ಈಗ ಅವಳು ಮಗುಚಿಕೊಳ್ಳುತ್ತಾಳೆ. ಅತ್ತೆಯವರು 'ಕಾಲು ಇನ್ನೂ ತುದಿಗೆ ತಾಗಿಲ್ಲ, ವರ್ಷದವರೆಗೆ ಆರಾಮಾಗಿ ಮಲಗಿಸಬಹುದು, ನಿನ್ನ ಗಂಡನೂ ಇದರಲ್ಲೇ ಬೆಳೆದದ್ದು' ಅಂತಾರೆ. ತೊಟ್ಟಿಲು ಚಿಕ್ಕದಾಯ್ತು ಅಂತ ತಿಳಿಯೋದು ಹೇಗೆ ಡಾಕ್ಟ್ರೇ? – ತೀರ್ಥಹಳ್ಳಿ ತಾಲ್ಲೂಕಿನ ಓದುಗರು*

ತಾಯಿ, ಕಾಲು ನೋಡಬೇಡಿ. ಕೈ ನೋಡಿ.

ತೊಟ್ಟಿಲಿನ ಉದ್ದ ಸಾಕಾ ಅಂತಲೇ ಎಲ್ಲರೂ ಅಳೆಯುತ್ತಾರೆ. ಉದ್ದ ಕಡಿಮೆಯಾದರೆ ಮಗು ಕಾಲು ಮಡಚಿಕೊಳ್ಳುತ್ತದೆ, ಅಷ್ಟೇ. ಅಪಾಯ ಇರುವುದು ತೊಟ್ಟಿಲಿನ ಆಳದಲ್ಲಿ. ಮಗು ಬೋರಲಾಗಿ, ಅಂಗೈ ಊರಿ, ಎದೆ ಮೇಲೆತ್ತುವುದಕ್ಕೆ ಶುರು ಮಾಡಿತು ಅಂದರೆ ತೊಟ್ಟಿಲಿನ ಕಾಲ ಮುಗಿಯಿತು. ಇದು ಸಾಮಾನ್ಯವಾಗಿ 4ರಿಂದ 6 ತಿಂಗಳ ಒಳಗೆ ಆಗುತ್ತದೆ. ಕೆಲವು ಮಕ್ಕಳು ಇನ್ನೂ ಮುಂಚೆ ಮಾಡುತ್ತವೆ. ಕ್ಯಾಲೆಂಡರ್ ಅಲ್ಲ, ಮಗು ಏನು ಮಾಡುತ್ತಿದೆ ಅನ್ನುವುದೇ ಲೆಕ್ಕ. ನಿಮ್ಮ ಮಗಳು ಆಗಲೇ ಮಗುಚಿಕೊಳ್ಳುತ್ತಿದ್ದಾಳೆ. ಅಂದಮೇಲೆ ಇವತ್ತು ರಾತ್ರಿಯೇ ಬಿಡಿಸಿ. ಇನ್ನೊಂದು ವಾರ ನೋಡೋಣ ಅನ್ನಬೇಡಿ.

ಯಾಕೆ ಇಷ್ಟು ಅವಸರ ಅಂತ ಹೇಳುತ್ತೇನೆ. ಈ ವಯಸ್ಸಿನ ಮಗುವಿನ ಮೈಯಲ್ಲಿ ತಲೆಯೇ ಭಾರ. ಹುಟ್ಟಿದಾಗ ಒಟ್ಟು ಉದ್ದದ ಕಾಲು ಭಾಗ ತಲೆಯೇ ಇರುತ್ತದೆ. ಅಂಚಿನ ಮೇಲೆ ತಲೆ ಮತ್ತು ಭುಜ ದಾಟಿದರೆ ಮಿಕ್ಕ ಮೈ ಹಿಂದೆಯೇ ಬರುತ್ತದೆ, ಕಾಲಿಗೆ ತಡೆಯುವ ಶಕ್ತಿ ಇಲ್ಲ. ನೆಲದ ಮೇಲೆ ನಿಂತ ಕಾಟ್, ಅಂದರೆ ಸುತ್ತ ಸರಳಿನ ಕಟಕಟೆ ಇರುವ ಮಕ್ಕಳ ಮಂಚ ಆದರೆ, ಅದರ ಕಟಕಟೆ ಅಲುಗುವುದಿಲ್ಲ. ನೇತು ಹಾಕಿದ ತೊಟ್ಟಿಲು ಹಾಗಲ್ಲ. ಮಗು ಒಂದು ಪಕ್ಕಕ್ಕೆ ಸರಿದು ಕೈಯೂರಿದ ಕೂಡಲೇ ತೊಟ್ಟಿಲು ಅದೇ ಪಕ್ಕಕ್ಕೆ ವಾಲುತ್ತದೆ. ಮಗು ಏಳುತ್ತದೆ, ಅಂಚು ಇಳಿಯುತ್ತದೆ. ಹಗಲು ನೀವು ಪಕ್ಕದಲ್ಲೇ ಕೂತು ಒಮ್ಮೆ ಗಮನಿಸಿ. ಅವಳು ಕೈಯೂರಿದಾಗ ಅಂಚು ಅವಳ ಎದೆಯ ಯಾವ ಮಟ್ಟಕ್ಕೆ ಬರುತ್ತದೆ ನೋಡಿ. ಅತ್ತೆಯವರನ್ನೂ ಕರೆದು ತೋರಿಸಿ. ನನ್ನ ಮಾತಿಗಿಂತ ಅದು ಬೇಗ ಅರ್ಥವಾಗುತ್ತದೆ.

ನಮ್ಮ ಮಲೆನಾಡಿನ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಮಳೆ ಹಿಡಿದ ಕೂಡಲೇ ಥಂಡಿ ಅಂತ ತೊಟ್ಟಿಲಿಗೆ ಒಂದರ ಮೇಲೊಂದು ಕೌದಿ ಹಾಸುತ್ತಾರೆ. ಬಟ್ಟೆ ಒಣಗುವುದಿಲ್ಲ, ಒದ್ದೆಯಾದರೆ ಬದಲಿಸಲು ಇರಲಿ ಅಂತ ಇನ್ನೊಂದು ಪದರ. ಹನ್ನೆರಡು ಇಂಚು ಆಳದ ತೊಟ್ಟಿಲು ಆಷಾಢದ ಹೊತ್ತಿಗೆ ಏಳೆಂಟು ಇಂಚಾಗಿರುತ್ತದೆ. ಬೇಸಿಗೆಯಲ್ಲಿ ಸರಿಯಿದ್ದ ತೊಟ್ಟಿಲು ಮಳೆಗಾಲದಲ್ಲಿ ಸರಿಯಿರುವುದಿಲ್ಲ, ಯಾರೂ ಅಳೆದು ನೋಡುವುದಿಲ್ಲ. ಮೆತ್ತಗಿನ ಕೌದಿಯ ಇನ್ನೊಂದು ಅಪಾಯ ಅಂದರೆ, ಮಗುಚಿಕೊಂಡ ಮಗುವಿನ ಮೂಗು ಅದರಲ್ಲಿ ಹೂತುಹೋಗುತ್ತದೆ. ತಲೆ ಎತ್ತಿ ತಿರುಗಿಸಲು ಇಕ್ಕಟ್ಟಿನ ತೊಟ್ಟಿಲಲ್ಲಿ ಜಾಗವೂ ಇಲ್ಲ. ಇದು ಬೀಳುವುದಕ್ಕಿಂತ ಕೆಟ್ಟದ್ದು. ಬಿದ್ದರೆ ಸದ್ದಾದರೂ ಕೇಳುತ್ತದೆ.

'ನಾವೆಲ್ಲ ಅದರಲ್ಲೇ ಬೆಳೆದವರು' ಅನ್ನುವ ಮಾತಿಗೆ ನನ್ನ ಉತ್ತರ ಇಷ್ಟು. ಆಗ ತೊಟ್ಟಿಲು ಇರುತ್ತಿದ್ದದ್ದು ನಡುಮನೆಯಲ್ಲಿ. ಅಜ್ಜಿ, ದೊಡ್ಡಮ್ಮ, ಅತ್ತೆ, ಯಾರಾದರೂ ಒಬ್ಬರು ಅಡಿಕೆ ಸುಲಿಯುತ್ತಲೋ ಹೂ ಕಟ್ಟುತ್ತಲೋ ಪಕ್ಕದಲ್ಲೇ ಕೂತಿರುತ್ತಿದ್ದರು. ಈಗ ತೊಟ್ಟಿಲು ಬಾಗಿಲು ಹಾಕಿದ ಕೋಣೆಯಲ್ಲಿ, ತಾಯಿ ಒಬ್ಬಳೇ ಬಚ್ಚಲಲ್ಲಿ. ಬಿದ್ದು ಪೆಟ್ಟಾದ ಮಕ್ಕಳ ಕಥೆಯನ್ನು ಯಾವ ಮನೆಯಲ್ಲೂ ಹೇಳಿಕೊಂಡು ತಿರುಗುವುದಿಲ್ಲ ಅನ್ನುವುದೂ ನೆನಪಿರಲಿ. ಅತ್ತೆಯವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಅವರ ಮಾತು ಕೇಳಬೇಡಿ.

ಇನ್ನು ಎಲ್ಲಿ ಮಲಗಿಸುವುದು? ಕಾಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅದಕ್ಕಾಗಿ ಸಾಲ ಮಾಡಬೇಕಿಲ್ಲ. ನೆಲದ ಥಂಡಿ ತಡೆಯಲು ಹಲಗೆ, ಅದರ ಮೇಲೆ ಚಾಪೆ, ಮೇಲೆ ಒಂದೇ ಒಂದು ಗಟ್ಟಿಯಾದ ತೆಳು ಹಾಸಿಗೆ. ದಿಂಬು ಬೇಡ, ರಗ್ಗು ಬೇಡ, ಕಂಬಳಿ ಬೇಡ. ಚಳಿಗೆ ಮೈಮೇಲೆ ಒಂದು ಅಂಗಿ ಜಾಸ್ತಿ ಹಾಕಿ. ಮಲಗಿಸುವ ಮುಂಚೆ ಹಾಸಿಗೆ ಕೊಡವಿ, ನಮ್ಮ ಕಡೆ ಮಳೆಗಾಲದಲ್ಲಿ ಜರಿ, ಚೇಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬರುತ್ತವೆ. ಯಾವಾಗಲೂ ಅಂಗಾತ ಮಲಗಿಸಿ. ಆಮೇಲೆ ಅವಳಾಗಿಯೇ ಮಗುಚಿಕೊಂಡು, ಮತ್ತೆ ಅಂಗಾತ ಆಗಲೂ ಬಂದರೆ ಹಾಗೇ ಬಿಡಿ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದನ್ನು ಮಗುಚಿಕೊಳ್ಳುವ ಲಕ್ಷಣ ಕಂಡ ದಿನವೇ ನಿಲ್ಲಿಸಬೇಕು. ಕೈ ಕಟ್ಟಿ ಹಾಕಿದ ಮಗು ಬೋರಲಾದರೆ ತಲೆ ಎತ್ತಲು ಅದಕ್ಕೆ ಆಸರೆ ಇಲ್ಲ.

ದೊಡ್ಡವರ ಮಂಚವನ್ನು ಗೋಡೆಗೆ ಒತ್ತಿ, ಇನ್ನೊಂದು ಬದಿಗೆ ದಿಂಬು ಅಡ್ಡ ಇಟ್ಟು ಮಲಗಿಸುವುದು ಮಾತ್ರ ಬೇಡ. ದಿಂಬು ಮಗುವನ್ನು ತಡೆಯುವುದಿಲ್ಲ. ಗೋಡೆ ಮತ್ತು ಹಾಸಿಗೆ ನಡುವಿನ ಸಂದಿ ಇನ್ನೂ ಅಪಾಯ. ಪಕ್ಕದಲ್ಲಿ ಬೀಡಿ ಸಿಗರೇಟು ಸೇದುವವರು, ಕುಡಿದವರು ಮಲಗಲೇಬಾರದು. ಈ ಮಾತಿನಲ್ಲಿ ನನಗೆ ಯಾವ ರಾಜಿಯೂ ಇಲ್ಲ.

ತೂಗದೆ ಮಲಗುವುದಿಲ್ಲ ಅಂತೀರಿ, ಗೊತ್ತು. ಕೆಲವು ರಾತ್ರಿ ಅಳುತ್ತಾಳೆ. ಮೊದಲು ಹಗಲಿನ ನಿದ್ದೆಗೆ ಅಭ್ಯಾಸ ಮಾಡಿಸುವ ಅಂತ ರಾತ್ರಿ ಮತ್ತೆ ತೊಟ್ಟಿಲಿಗೆ ಹಾಕಬೇಡಿ. ಅದೇ ಜೋಗುಳ ಹಾಡಿ, ಅದೇ ಹೊತ್ತಿಗೆ ದೀಪ ಆರಿಸಿ, ಎದೆ ಮೇಲೆ ಕೈ ಇಟ್ಟು ತಟ್ಟಿ. ತೊಟ್ಟಿಲು ಕೊಡುತ್ತಿದ್ದ ಲಯ ನಿಮ್ಮ ಕೈಯಲ್ಲೂ ಇದೆ.

ಪೇಟೆಯವರು ಆನ್‌ಲೈನ್‌ನಲ್ಲಿ ತರಿಸುವ ಬ್ಯಾಸಿನೆಟ್ (ಬುಟ್ಟಿಯಂಥ ಪುಟ್ಟ ಹಾಸಿಗೆ), ಸ್ಟೀಲ್ ಫ್ರೇಮಿನ ಸ್ಪ್ರಿಂಗ್ ತೊಟ್ಟಿಲು, ಎಲ್ಲಕ್ಕೂ ಇದೇ ನಿಯಮ. ಜೊತೆಗೆ ಅದರ ಚೀಟಿಯಲ್ಲಿ ಬರೆದ ತೂಕದ ಮಿತಿ ನೋಡಿ. ಹುಟ್ಟಿದಾಗ 3 ಕೆ.ಜಿ. ಇದ್ದ ಮಗು ಐದು ತಿಂಗಳಿಗೆ 6 ಕೆ.ಜಿ. ಸುಮಾರು ಆಗಿರುತ್ತದೆ. ತೂಕ ಮತ್ತು ಕೈಯೂರುವುದು, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಕೊನೆ ದಿನ.

*ಸೀರೆ ಜೋಲಿಯಿಂದ ಬೀಳೋದಿಲ್ಲ, ತೊಟ್ಟಿಲಿಗಿಂತ ಅದೇ ಒಳ್ಳೇದು ಅಂತಾರೆ. ನಿಜವೇ? – ಹೊಸನಗರ*

ಅಲ್ಲ. ಜೋಲಿಯಲ್ಲಿ ಮಗುವಿನ ಬೆನ್ನು ಬಾಗಿ ಗಲ್ಲ ಎದೆಗೆ ಒತ್ತುತ್ತದೆ. ಪುಟ್ಟ ಮಗುವಿನ ಉಸಿರಿನ ದಾರಿ ಮೆತ್ತಗೆ, ಕಿರಿದು. ಗಲ್ಲ ಒತ್ತಿದರೆ ಸದ್ದಿಲ್ಲದೆ ಮುಚ್ಚುತ್ತದೆ. 10 ಡಿಗ್ರಿಗಿಂತ ಜಾಸ್ತಿ ಇಳಿಜಾರಿನ ಮಕ್ಕಳ ಹಾಸಿಗೆಗಳನ್ನು ಅಮೆರಿಕದಲ್ಲಿ 2022ರ ಕಾನೂನಿನಲ್ಲಿ ನಿಷೇಧಿಸಿದ್ದು ಇಂಥ ಕಾರಣಕ್ಕೇ. ಹಗಲು, ನಿಮ್ಮ ಕಣ್ಣೆದುರು, ಸ್ವಲ್ಪ ಹೊತ್ತು ಅಂದರೆ ನಾನು ಜಗಳ ಮಾಡುವುದಿಲ್ಲ. ರಾತ್ರಿಗೆ ಬೇಡ. ಮಗು ಎದ್ದ ಮೇಲೆ ಜೋಲಿಯನ್ನು ಬಿಚ್ಚಿ ಅಥವಾ ಮೇಲೆ ಗಂಟು ಕಟ್ಟಿಡಿ. ಅಕ್ಕ ಅಣ್ಣಂದಿರು ಅದರಲ್ಲಿ ಗಿರಗಿರ ತಿರುಗಿ ಆಡುವಾಗ ಸೀರೆ ಕುತ್ತಿಗೆಗೆ ಸುತ್ತಿ ಪ್ರಾಣ ಹೋದ ಸುದ್ದಿಯನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ.

ಇದೇ ಕಾರಣಕ್ಕೆ ತೊಟ್ಟಿಲ ಮೇಲೆ ದಾರ ಕಟ್ಟಿ ಇಳಿಬಿಟ್ಟ ಆಟಿಕೆಗಳನ್ನೂ ತೆಗೆಯಿರಿ. ಮಲಗುವಾಗ ಕುತ್ತಿಗೆಯಲ್ಲಿ ಕರಿದಾರ, ತಾಯಿತ ಬೇಡ. ಕಟ್ಟಲೇಬೇಕು ಅನ್ನುವವರು ದೇವರ ಗೂಡಿನಲ್ಲಿಡಿ.

*ಅಕ್ಕನ ಮನೆಯ ಹಳೇ ಕಾಟ್ ಸಿಗುತ್ತದೆ. ಎಷ್ಟು ವರ್ಷ ಬಳಸಬಹುದು? – ಸಾಗರ*

ಮಗು ಸುಮಾರು 90 ಸೆಂ.ಮೀ. ಎತ್ತರ ಆಗುವವರೆಗೆ, ಅಥವಾ ನಿಂತಾಗ ಕಟಕಟೆ ಎದೆಗಿಂತ ಕೆಳಗೆ ಬರುವವರೆಗೆ. ಹತ್ತಲು ಕಾಲೆತ್ತಿತೋ, ಅವತ್ತೇ ನಿಲ್ಲಿಸಿ. ಕೂರಲು ಕಲಿತಾಗ ಹಾಸಿಗೆ ಇಳಿಸಿ, ನಿಲ್ಲಲು ಕಲಿಯುವ ಮುಂಚೆ ಪೂರ್ತಿ ಕೆಳಗಿಳಿಸಿ. ತರುವ ಮುಂಚೆ ಸರಳುಗಳ ನಡುವೆ ಅಳೆಯಿರಿ, 6 ಸೆಂ.ಮೀ.ಗಿಂತ ಜಾಸ್ತಿ ಇದ್ದರೆ ಬೇಡ. ಹಾಸಿಗೆ ಮತ್ತು ಚೌಕಟ್ಟಿನ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದಿ ಇರಬಾರದು. ಒಂದು ಪಕ್ಕ ಜಾರಿಸಿ ಇಳಿಸುವ ಮಾದರಿಯಾದರೆ ಅಕ್ಕನಿಗೆ ನಮಸ್ಕಾರ ಹೇಳಿ ವಾಪಸ್ ಕೊಡಿ. ಅಮೆರಿಕದಲ್ಲಿ ಅವನ್ನು 2011ರಿಂದ ಮಾರುವಂತಿಲ್ಲ.

*ಸಾಸಿವೆ ದಿಂಬು ಇಡದಿದ್ದರೆ ತಲೆ ಚಪ್ಪಟೆ ಆಗುತ್ತದಂತೆ?*

ಯಾವ ದಿಂಬೂ ಬೇಡ. ಎಚ್ಚರವಿದ್ದಾಗ ನಿಮ್ಮೆದುರು ಬೋರಲು ಹಾಕಿ ಆಡಿಸಿ.

*ತೊಟ್ಟಿಲು ಬಿಡಿಸಿದ ಮೇಲೆ ವಾಕರ್ ಯಾವುದು ಒಳ್ಳೇದು?*

ಯಾವುದೂ ಅಲ್ಲ. ಕೆನಡಾ ದೇಶ 2004ರಲ್ಲೇ ಅದನ್ನು ನಿಷೇಧಿಸಿದೆ.

*ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಹೊಟ್ಟೆನೋವು ಬರುತ್ತದಾ?*

ಇಲ್ಲ.

*ತೊಟ್ಟಿಲು ಬಿಡಿಸಿದ ಮೇಲೆ ರಾತ್ರಿಯೆಲ್ಲ ಅಳುತ್ತಾನೆ. ಬಾಲಗ್ರಹ ಅಂತ ಒಬ್ಬರು ಹೊಟ್ಟೆಗೆ ಬರೆ ಹಾಕಿಸಲು ಹೇಳುತ್ತಿದ್ದಾರೆ. – ಕೊಪ್ಪ*

ದಯವಿಟ್ಟು ಬೇಡ. ಬರೆ ಹಾಕಿದರೆ ಮಗುವಿಗೆ ಸುಟ್ಟ ಗಾಯ, ಅದಕ್ಕೆ ಕೀವು, ಜ್ವರ. ಬೇರೇನೂ ಆಗುವುದಿಲ್ಲ. ಅಂಥ ಸಲಹೆ ಕೊಡುವವರನ್ನು ಮನೆಯ ಮೆಟ್ಟಿಲು ಹತ್ತಿಸಬೇಡಿ. ಮೆಡಿಕಲ್ ಶಾಪಿನಿಂದ ನೆಗಡಿ ಸಿರಪ್ ತಂದು ನಿದ್ದೆಗೆ ಕುಡಿಸುವುದೂ ಅಷ್ಟೇ ತಪ್ಪು. ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಸೇರಿದ ಸಿರಪ್‌ಗಳನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಬರೆಯಲು 2023ರಲ್ಲೇ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದಾರೆ. ಮಗು ಹಾಲು ಕುಡಿಯುತ್ತಾ, ಆಡುತ್ತಾ ಇದ್ದರೆ ಆ ಅಳು ಅಭ್ಯಾಸ ಬದಲಾದದ್ದಕ್ಕೆ. ಹಾಲು ಬಿಟ್ಟಿದ್ದರೆ, ಜ್ವರ ಇದ್ದರೆ ತೋರಿಸಿ.

*ತೊಟ್ಟಿಲಿಂದ ಬಿದ್ದ ಮಗುವನ್ನು ಮಲಗಲು ಬಿಡಬಾರದಾ? – ಶಿವಮೊಗ್ಗ*

ಮಲಗುವ ಹೊತ್ತಾಗಿದ್ದು, ಎಂದಿನಂತೆ ಇದ್ದರೆ ಮಲಗಲಿ, ನಡುವೆ ಎಬ್ಬಿಸಿ ನೋಡಿ. ಎಚ್ಚರ ತಪ್ಪಿತ್ತು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಎಬ್ಬಿಸಿದರೂ ಮಂಕು, ಮೂಗು ಕಿವಿಯಿಂದ ರಕ್ತ ಅಥವಾ ನೀರು, ತಲೆಯ ಮೇಲೆ ಮೆತ್ತಗಿನ ಊತ, ಇವುಗಳಲ್ಲಿ ಒಂದಿದ್ದರೂ ತಕ್ಷಣ ಆಸ್ಪತ್ರೆ. ಮೂರು ತಿಂಗಳೊಳಗಿನ ಮಗುವಾದರೆ ಏನೂ ಕಾಣದಿದ್ದರೂ ತೋರಿಸಿ. ಮೂರು ಅಡಿಗಿಂತ ಮೇಲಿನಿಂದ ಗಾರೆ ನೆಲಕ್ಕೆ ಬಿದ್ದಿದ್ದರೂ ಅಷ್ಟೇ. ಸೊಂಟದೆತ್ತರಕ್ಕೆ ಕಟ್ಟಿದ ತೊಟ್ಟಿಲು ಆ ಲೆಕ್ಕಕ್ಕೇ ಬರುತ್ತದೆ. ಹಾಗಾಗಿ ಸಣ್ಣ ಕೂಸಿಗೆ ಕಟ್ಟುವಾಗಲೂ ನೆಲದಿಂದ ಒಂದಡಿಗಿಂತ ಮೇಲೆ ಬೇಡ. ಫೋನ್ ಮಾಡಬೇಕಾದ್ದು 108ಕ್ಕೆ. ನೆಟ್‌ವರ್ಕ್ ಸಿಗದ ಹಳ್ಳಿಯವರು, ಅಕ್ಕಪಕ್ಕದಲ್ಲಿ ಜೀಪು ಇರುವವರು ಯಾರು, ರಾತ್ರಿ ಕರೆದರೆ ಯಾರು ಬರುತ್ತಾರೆ ಅಂತ ಇವತ್ತೇ ಮಾತಾಡಿಕೊಂಡಿರಿ.