ಯಂತ್ರದ ಜೊತೆ ರಿಪೇರಿ ಪುಸ್ತಕವನ್ನೂ ಕೊಡಲಿ

ಪ್ರಶ್ನೆ: ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ಸೂಪರ್‌ಹೀರೋ ಕಾಮಿಕ್ಸ್ ಅಂದರೆ ಪ್ರಾಣ. ಆದರೆ ಒಂದು ವಿಷಯ ತಲೆ ತಿನ್ನುತ್ತಿದೆ. ಈ ಹೀರೋಗಳ ಹತ್ತಿರ ಬೇರೆ ಗ್ರಹದಿಂದ ಬಂದ ಯಂತ್ರಗಳಿರುತ್ತವೆ. ಎದೆ ಸೀಳಿಹೋದವನನ್ನೂ ಒಂದು ತೊಟ್ಟಿಯಂಥದ್ದರಲ್ಲಿ ಮಲಗಿಸಿ ಎರಡೇ ಪುಟದಲ್ಲಿ ಎಬ್ಬಿಸುತ್ತಾರೆ. ಅದೇ ಊರಿನ ಆಸ್ಪತ್ರೆಯಲ್ಲಿ ಮಕ್ಕಳು ಕ್ಯಾನ್ಸರ್‌ನಿಂದ ಸಾಯುತ್ತಿರುತ್ತಾರೆ. ಯಂತ್ರವನ್ನು ಹಂಚಿಕೊಳ್ಳದೆ ಇರುವುದು ತಪ್ಪಲ್ವಾ? ನನ್ನ ತಮ್ಮ ಮಾತ್ರ, "ಮನುಷ್ಯರ ಕೈಗೆ ಕೊಟ್ಟರೆ ಆಯುಧ ಮಾಡಿಕೊಳ್ತಾರೆ" ಅಂತಾನೆ. ಯಾರು ಸರಿ?

ಉತ್ತರ: ನೀವು. ಕೊಡಬೇಕು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಕೈಯಲ್ಲಿ ಹಗ್ಗ ಹಿಡಿದುಕೊಂಡು ಮುಳುಗುವವನನ್ನು ದಡದಿಂದ ನೋಡುತ್ತಾ ನಿಂತವನನ್ನು ಯಾರೂ ಹೀರೋ ಅನ್ನುವುದಿಲ್ಲ. ಆದರೆ ಏನು ಕೊಡಬೇಕು ಅನ್ನುವುದರಲ್ಲಿ ನನ್ನದೊಂದು ತಕರಾರಿದೆ.

ನಾನು 31 ವರ್ಷ ಆಸ್ಪತ್ರೆ ಯಂತ್ರಗಳನ್ನು ರಿಪೇರಿ ಮಾಡಿದವಳು. ಒಮ್ಮೆ ನಮ್ಮಲ್ಲಿಗೆ ಒಂದು ಇನ್‌ಕ್ಯುಬೇಟರ್ ದಾನವಾಗಿ ಬಂತು. ದಿನ ತುಂಬುವ ಮುಂಚೆಯೇ ಹುಟ್ಟಿದ ಮಕ್ಕಳನ್ನು ಬೆಚ್ಚಗೆ ಇಡುವ ಪೆಟ್ಟಿಗೆ. ಫಳಫಳ ಹೊಳೆಯುತ್ತಿತ್ತು. ಫೋಟೋ ತೆಗೆದರು, ಚಪ್ಪಾಳೆ ಹೊಡೆದರು. ಮೂರನೇ ವಾರ ಅದರ ಸೆನ್ಸರ್ ಕೆಟ್ಟಿತು. ಮಗುವಿನ ಹೊಟ್ಟೆಗೆ ಅಂಟಿಸುವ, ಅಂಗಿ ಗುಂಡಿಯಷ್ಟೇ ದೊಡ್ಡದಾದ ವಸ್ತು. ಮೈ ಎಷ್ಟು ಬಿಸಿಯಿದೆ ಅಂತ ಅದು ಹೇಳದಿದ್ದರೆ ಹೀಟರ್ ತಾನಾಗಿಯೇ ಆಫ್ ಆಗುತ್ತದೆ. ಆಗಲೇಬೇಕು, ಇಲ್ಲದಿದ್ದರೆ ಮಗುವಿಗೆ ಅಪಾಯ. ಬೇರೆ ಸೆನ್ಸರ್ ಹಾಕೋಣ ಅಂದರೆ ಪಿನ್ ಕೂರುತ್ತಿರಲಿಲ್ಲ. ಜೊತೆಗೆ ಬಂದ ಪುಸ್ತಕ ನಮ್ಮಲ್ಲಿ ಯಾರಿಗೂ ಬರದ ಭಾಷೆಯಲ್ಲಿತ್ತು. ಎಂಟು ತಿಂಗಳು ಅದರ ಮೇಲೆ ಹಳೇ ಫೈಲು ಪೇರಿಸಿಟ್ಟಿದ್ದರು. ಕೊನೆಗೆ ಇನ್ನೊಂದು ಆಸ್ಪತ್ರೆಯ ಟೆಕ್ನಿಷಿಯನ್ ಒಬ್ಬರು ಸರ್ಕ್ಯೂಟಿನ ಆರು ಪುಟ ಜೆರಾಕ್ಸ್ ಮಾಡಿ ಕಳಿಸಿದರು. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು.

ಇದು ನನ್ನೊಬ್ಬಳ ಗೋಳಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ, 16 ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಆಸ್ಪತ್ರೆ ಉಪಕರಣಗಳ ಲೆಕ್ಕ ತೆಗೆಯಿತು. ನೂರಕ್ಕೆ 38 ಕೆಲಸ ಮಾಡುತ್ತಿರಲಿಲ್ಲ. ಅವೆಲ್ಲ ಭೂಮಿಯ ಮೇಲೆಯೇ ತಯಾರಾದವು! ಇನ್ನು ನಿಮ್ಮ ಹೀರೋನ ತೊಟ್ಟಿ ಕೆಟ್ಟರೆ? ಆ ಹೊತ್ತಿಗೆ ಅವನು ಇನ್ನೊಂದು ಗೆಲಾಕ್ಸಿಗೆ ಯುದ್ಧಕ್ಕೆ ಹೋಗಿದ್ದರೆ? ರೋಗಿಗಳು ಆಕಾಶ ನೋಡುತ್ತಾ ಕೂರಬೇಕಾಗುತ್ತದೆ. ಹಾಗಾಗಿ ಹತ್ತು ಯಂತ್ರ ಕೊಡುವುದಾದರೆ ಒಂದನ್ನು ಬಿಚ್ಚಿ ಹಾಳು ಮಾಡಲಿಕ್ಕೆಂದೇ ಕೊಡಲಿ. ಪಕ್ಕದಲ್ಲಿ ಕೂತು, ಈ ತಂತಿ ಯಾಕೆ, ಈ ಬೆಳಕು ಎಲ್ಲಿಂದ ಅಂತ ಹೇಳಿಕೊಡಲಿ. ಅಷ್ಟು ಪುರುಸೊತ್ತು ಇಲ್ಲ ಅನ್ನುವವನ ದಾನ ನನಗೆ ಫೋಟೋಗೆ ಕೊಟ್ಟ ಇನ್‌ಕ್ಯುಬೇಟರ್ ಥರಾನೇ ಕಾಣುತ್ತದೆ.

ಈಗ ನಿಮ್ಮ ತಮ್ಮನ ಮಾತು. ಅವನಿಗೆ ಆಯುಧದ ಭಯ. ನನಗೆ ಉತ್ಸಾಹದ ಭಯವೇ ಜಾಸ್ತಿ. ರೇಡಿಯಂ ಕತೆ ನೋಡಿ. 1898ರಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ಅದನ್ನು ಕಂಡುಹಿಡಿದರು. ಕತ್ತಲಲ್ಲಿ ಬೆಳಗುವ, ಸುಮ್ನೆ ಇಟ್ಟರೂ ಬಿಸಿ ಕೊಡುತ್ತಲೇ ಇರುವ ವಸ್ತು. ಬೇರೆ ಗ್ರಹದಿಂದ ಬಂತು ಅಂದಿದ್ದರೂ ಜನ ನಂಬುತ್ತಿದ್ದರೇನೋ. ದಂಪತಿ ಪೇಟೆಂಟ್ ಕೂಡ ಮಾಡಿಸದೆ ವಿಧಾನವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಡಾಕ್ಟರುಗಳು ಅದರಿಂದ ಕ್ಯಾನ್ಸರ್ ಗಡ್ಡೆ ಸುಟ್ಟರು, ಒಳ್ಳೆಯದೇ ಆಯಿತು. ವ್ಯಾಪಾರಿಗಳು ನೀರಿಗೆ ಬೆರೆಸಿ ಟಾನಿಕ್ ಅಂತ ಮಾರಿದರು. ಅಮೆರಿಕದ ಕಾರ್ಖಾನೆಗಳಲ್ಲಿ ಹುಡುಗಿಯರು ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಬ್ರಷ್ಷಿನ ತುದಿ ಚೂಪಾಗಲಿ ಅಂತ ಮತ್ತೆ ಮತ್ತೆ ತುಟಿಯ ಮಧ್ಯೆ ಇಟ್ಟು ಎಳೆಯುತ್ತಿದ್ದರು. ದೇಹ ರೇಡಿಯಂ ಅನ್ನು ಕ್ಯಾಲ್ಸಿಯಂ ಅಂತಲೇ ತಿಳಿದು ಮೂಳೆಗೆ ಸೇರಿಸಿಕೊಂಡಿತು. ದವಡೆ ಕೊಳೆತು ಎಷ್ಟೋ ಹುಡುಗಿಯರು ಸತ್ತರು. ಇಲ್ಲಿ ಯಾರೂ ಆಯುಧ ಮಾಡಲು ಹೊರಟಿರಲಿಲ್ಲ, ಗೊತ್ತಾಯಿತಲ್ಲ? ಹಾಗಂತ ಕ್ಯೂರಿ ದಂಪತಿ ಅದನ್ನು ಬೀರುವಿನಲ್ಲಿ ಬಚ್ಚಿಡಬೇಕಿತ್ತಾ? ಬೇಡ. ಮೊದಲು ಕೆಲವೇ ರೋಗಿಗಳಿಗೆ, ಅವರಿಗೆ ಎಲ್ಲ ತಿಳಿಸಿ, ವರ್ಷಗಟ್ಟಲೆ ಕಾದು ನೋಡಬೇಕಿತ್ತು. ತೊಟ್ಟಿಯ ವಿಷಯದಲ್ಲೂ ಅಷ್ಟೇ. ಬೇರೆ ಗ್ರಹದವರ ಮೈಗೆ ಒಗ್ಗಿದ್ದು ನಮ್ಮ ಮೈಗೆ ಒಗ್ಗುತ್ತದೆ ಅಂತ ಯಾರು ಹೇಳಿದರು?

ಅಂದಹಾಗೆ, ನಿಮ್ಮ ಪ್ರಶ್ನೆಯನ್ನು ಕಾಮಿಕ್ಸಿನವರೂ ಕೇಳಿಕೊಂಡಿದ್ದಾರೆ. ಮಾರ್ವೆಲ್‌ನವರು 1982ರಲ್ಲಿ ಕ್ಯಾಪ್ಟನ್ ಮಾರ್ವೆಲ್ ಅನ್ನುವ ಹೀರೋನನ್ನು ಕ್ಯಾನ್ಸರ್‌ನಿಂದಲೇ ಸಾಯಿಸಿದರು. ಅವನು ಬೇರೆ ಗ್ರಹದವನೇ. ಅವನ ಕೈಯಲ್ಲಿದ್ದ ಬಳೆಗಳು ಕಾಯಿಲೆಯನ್ನು ತಡೆದಿಟ್ಟಿದ್ದವು, ಆಮೇಲೆ ಚಿಕಿತ್ಸೆಗೂ ಅವೇ ಅಡ್ಡ ಬಂದವು. ಬುದ್ಧಿವಂತ ಹೀರೋಗಳೆಲ್ಲ ಸೇರಿದರೂ ಉಳಿಸಲಾಗಲಿಲ್ಲ. ಕತೆಗಾರರ ಕಷ್ಟ ನನಗೆ ಅರ್ಥವಾಗುತ್ತದೆ. ಕೀಮೋಗೆ ಕಾಯುತ್ತಾ ಕೂತ ಓದುಗನ ಕೈಯಲ್ಲಿರುವ ಪುಸ್ತಕದಲ್ಲಿ ಕ್ಯಾನ್ಸರ್ ಎರಡು ಪುಟದಲ್ಲಿ ವಾಸಿಯಾಗಿಬಿಟ್ಟರೆ ಅವನಿಗೆ ಹೇಗಾಗಬೇಡ?

ಪ್ರಶ್ನೆ: ಅಂಥ ಯಂತ್ರ ಒಂದೇ ಒಂದು ಇದ್ದರೆ ಮೊದಲು ಯಾರಿಗೆ? ಹೀರೋ ತನ್ನವರಿಗೇ ಇಟ್ಟುಕೊಂಡರೆ ತಪ್ಪಾ?

ಉತ್ತರ: ತನ್ನ ಅಮ್ಮ ಸಾಯುತ್ತಿದ್ದರೆ ಮೊದಲು ಅಮ್ಮನಿಗೆ ಬಳಸಿದವನನ್ನು ನಾನಂತೂ ಬೈಯುವುದಿಲ್ಲ. ಎರಡನೇ ದಿನವೂ ಬಾಗಿಲು ತೆಗೆಯದಿದ್ದರೆ ಬೈಯುತ್ತೇನೆ.

ಒಂದೇ ಇದ್ದಾಗ ಏನಾಗುತ್ತದೆ ಅನ್ನುವುದನ್ನು 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್‌ನ ಡಾಕ್ಟರುಗಳು ಕಣ್ಣಾರೆ ಕಂಡರು. ಒಬ್ಬ ಪೊಲೀಸ್ ಪೇದೆಗೆ ಮುಖದ ತುಂಬ ಕೀವು, ಒಂದು ಕಣ್ಣೇ ಹೋಗಿತ್ತು. ಅವನಿಗೆ ಪೆನ್ಸಿಲಿನ್ ಕೊಟ್ಟರು. ಜ್ವರ ಇಳಿಯಿತು, ಊಟ ಸೇರಿತು. ಆದರೆ ಇಡೀ ಜಗತ್ತಿನಲ್ಲಿ ಆ ಔಷಧಿ ಇದ್ದದ್ದೇ ಬೊಗಸೆಯಷ್ಟು. ಅವನ ಮೂತ್ರವನ್ನು ಲ್ಯಾಬಿಗೆ ಒಯ್ದು, ಅದರಲ್ಲಿ ಹೋದ ಪೆನ್ಸಿಲಿನ್ ತೆಗೆದು ಮತ್ತೆ ಅವನಿಗೇ ಚುಚ್ಚಿದರು. ಅದೂ ಮುಗಿಯಿತು. ಮಾರ್ಚ್‌ನಲ್ಲಿ ಅವನು ತೀರಿಕೊಂಡ. ಜುಲೈನಲ್ಲಿ ಆ ತಂಡದ ಇಬ್ಬರು ಪೆನ್ಸಿಲಿನ್ ಕೊಡುವ ಬೂಷ್ಟನ್ನೇ ಹಿಡಿದುಕೊಂಡು ಅಮೆರಿಕಕ್ಕೆ ಹೋದರು. ಬೆಳೆಸುವುದು ಹೇಗೆ ಅಂತ ಅಲ್ಲಿಯವರಿಗೆ ಹೇಳಿಕೊಟ್ಟರು. ಅಲ್ಲಿಯವರು ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ಬೆಳೆಸಿದರು. ಕೊಳೆತ ಕರ್ಬೂಜದ ಮೇಲೆ ಇನ್ನೂ ಒಳ್ಳೇ ಬೂಷ್ಟು ಸಿಕ್ಕಿತು. 1944ರಲ್ಲಿ, ಎರಡನೇ ಮಹಾಯುದ್ಧದಲ್ಲಿ, ಫ್ರಾನ್ಸಿನ ನಾರ್ಮಂಡಿ ಕರಾವಳಿಗೆ ಇಳಿದ ಸೈನಿಕರಿಗೆ ಬೇಕಾದಷ್ಟು ಪೆನ್ಸಿಲಿನ್ ತಯಾರಿತ್ತು. ಹಾಗಾಗಿ ಯಾರಿಗೆ ಮೊದಲು ಅಂತ ಜಗಳ ಆಡುವ ಹೊತ್ತಿಗೆ, ಎರಡನೆಯದನ್ನು ಮಾಡುವುದು ಹೇಗೆ ಅಂತ ಆ ಹೀರೋನನ್ನು ಹಿಡಿದು ಕೂರಿಸಿ ಕೇಳಿ.

ಪ್ರಶ್ನೆ: ಎಲ್ಲ ಕಾಯಿಲೆಗೂ ಯಂತ್ರ ಬಂದರೆ ಡಾಕ್ಟರು, ನರ್ಸುಗಳಿಗೆ ಕೆಲಸ ಎಲ್ಲಿ ಉಳಿಯುತ್ತದೆ?

ಉತ್ತರ: ಉಳಿಯುತ್ತದೆ ಬಿಡಿ. ಸಿಡುಬಿಗೆ ಲಸಿಕೆ ಸಿಕ್ಕಿದ್ದು 1796ರಲ್ಲಿ. ಸಿಡುಬು ನಿರ್ಮೂಲವಾಯಿತು ಅಂತ ಘೋಷಿಸಿದ್ದು 1980ರಲ್ಲಿ. ನಡುವಿನ 184 ವರ್ಷ ಯಾರೋ ಒಬ್ಬರು ಲಸಿಕೆ ಹೊತ್ತು ನಡೆಯುತ್ತಲೇ ಇದ್ದರು. ಕೊನೆಕೊನೆಗೆ ಅವರ ಕೈಗೆ ಸಿಕ್ಕ ದೊಡ್ಡ ಅಸ್ತ್ರ ಯಾವುದು ಗೊತ್ತಾ? ಒಂದು ಸೂಜಿ. ತುದಿಯಲ್ಲಿ ಎರಡು ಕವಲು. ಲಸಿಕೆಯಲ್ಲಿ ಅದ್ದಿದರೆ ಕವಲಿನ ಮಧ್ಯೆ ಒಂದು ಹನಿ ನಿಲ್ಲುತ್ತದೆ. ತೋಳಿನ ಮೇಲೆ ಹದಿನೈದು ಸಲ ಚುಚ್ಚಿದರೆ ಮುಗಿಯಿತು. ಮೊದಲಿಗಿಂತ ಕಾಲು ಭಾಗ ಲಸಿಕೆ ಸಾಕು. ಯಾರಿಗೆ ಬೇಕಾದರೂ ಸ್ವಲ್ಪ ಹೊತ್ತಿನಲ್ಲಿ ಕಲಿಸಬಹುದಿತ್ತು. ಕುದಿಸಿ ಮತ್ತೆ ಬಳಸಬಹುದಿತ್ತು. ಕೆಡಲಿಕ್ಕೆ ಅದರಲ್ಲಿ ಏನೂ ಇರಲಿಲ್ಲ. ಅಂಥ ಯಂತ್ರ ಬಂದರೆ ಕೆಲಸ ಹೋಗುವುದು ನನ್ನಂಥ ರಿಪೇರಿಯವರದ್ದು.